ಬೀಗರ ಊಟದ ಮರುದಿನ

“ಭಾವಾ, ಕಾಲು ಎತ್ತಾಕಾಯ್ತಿಲ್ಲ. ತಮಾಸೆ ಅಲ್ಲ.”

ತಂಗಿಯ ಗಂಡ ಹಾಸಿಗೆಯಲ್ಲಿ ಮಲಗಿಕೊಂಡೇ ಹೀಗೆಂದಾಗ ನಾನು ನಕ್ಕೆ. ಹಿಂದಿನ ದಿನ ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಅವರ ಮದುವೆಯ ಬೀಗರ ಊಟ. ಹೊಸ ಅಳಿಯ ಎಲೆಗೆ ಕೈ ಅಡ್ಡ ಹಿಡಿದಷ್ಟೂ ಹೆಂಗಸರು ಮುದ್ದೆ, ಅನ್ನ, ಪಾಯಸ ಬಡಿಸುತ್ತಲೇ ಇದ್ದರು. ಈಗ ಹೊದಿಕೆ ಸರಿಸಿ ಅವರ ಕಾಲನ್ನು ಎತ್ತಿ ಬಿಟ್ಟೆ. ದಿಂಡಿನಂತೆ ಬಿತ್ತು. ನನ್ನ ನಗು ನಿಂತಿತು.

ಅಮ್ಮ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಿದ್ದಾಗಲೇ ಅವರನ್ನು ಹೊತ್ತು ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ಓಡಿದೆವು. ರಕ್ತ ಪರೀಕ್ಷೆ, ಇಸಿಜಿ ನೋಡಿದ ಡಾಕ್ಟರು, ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿದೆ ಎಂದರು. ಕೆಲವರಲ್ಲಿ ಇಂಥ ಭಾರಿ ಊಟದ ನಂತರ ಅದು ರಕ್ತ ಬಿಟ್ಟು ಸ್ನಾಯುಗಳ ಒಳಗೆ ಸೇರಿಕೊಳ್ಳುತ್ತದಂತೆ. ಆಗ ಕೈಕಾಲು ಸೋಲುತ್ತವೆ, ಹೃದಯದ ಬಡಿತವೂ ಹದ ತಪ್ಪಬಹುದು. ಎದೆಗೆ ಮಾನಿಟರ್ ಹಚ್ಚಿ, ಪೊಟ್ಯಾಸಿಯಂ ಔಷಧವನ್ನು ನೀರಿನಲ್ಲಿ ಬೆರೆಸಿ ಸ್ವಲ್ಪಸ್ವಲ್ಪವೇ ಕುಡಿಸಿದರು.

ತಂಗಿ ಗಂಡನ ಪಾದವನ್ನೇ ನೋಡುತ್ತ ಕೂತಳು. ಮಧ್ಯಾಹ್ನ ಕಳೆದ ಮೇಲೆ ಹೆಬ್ಬೆರಳು ಅಲ್ಲಾಡಿತು. “ಆಡ್ತು ಕಣಣ್ಣಾ!” ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. ಸಂಜೆ ಅವರು ಎದ್ದು ನಿಂತರು.

ಮೊನ್ನೆ ಹಬ್ಬಕ್ಕೆ ಬಂದಾಗ ಅವರು ಎಲೆಗೆ ಕೈ ಅಡ್ಡ ಹಿಡಿದರು. ಅಮ್ಮ ಅವರಿಗೆಂದು ತಂದ ಮುದ್ದೆಯನ್ನು ನನ್ನ ಎಲೆಗೆ ಹಾಕಿ, “ನೀನ್ ತಿನ್ಲಾ, ನಿನ್ ಕಾಲ್ ಗಟ್ಟಿಯಾಗವೆ” ಎಂದಳು. ಅವರು ನಗುತ್ತಲೇ ಎದ್ದು ಕೈ ತೊಳೆಯಲು ಹೋದರು. ಆ ನಾಲ್ಕು ಹೆಜ್ಜೆಯ ನಡಿಗೆಯನ್ನು ಮನೆಯವರೆಲ್ಲ ಈಗಲೂ ಉಣ್ಣುವುದನ್ನು ಬಿಟ್ಟು ನೋಡುತ್ತೇವೆ.