ಮೂರನೇ ಕೂಗು

ಶ್ರಾವಣದಲ್ಲಿ ಒಂದು ಶನಿವಾರ ಗವಿರಂಗನ ಗುಡಿ ಮುಟ್ಟಬೇಕು, ಅದೂ ಬಸ್ಸು ಹತ್ತದೆ, ಕಾಲ್ನಡಿಗೆಯಲ್ಲೇ. ನನ್ನ ದೊಡ್ಡಮ್ಮನ ಹರಕೆ ಅದು. ಹರಕೆ ಅವಳದು, ಬೊಬ್ಬೆ ಏಳುವುದು ನನ್ನ ಕಾಲಿಗೆ. ಹಿರಿಯೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ದಿನವಿಡೀ ಕೂತೇ ಇರುವ ನನ್ನಂಥವಳಿಗೆ ಎರಡು ದಿನದ ನಡಿಗೆ ಸುಲಭದ ಮಾತಲ್ಲ. ಆದರೂ ನನ್ನಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಎಪ್ಪತ್ತು ದಾಟಿದ ಹೆಂಗಸನ್ನು ಒಂಟಿಯಾಗಿ ಬಿಡುವಷ್ಟು ಕಲ್ಲು ಮನಸ್ಸು ನನ್ನದಲ್ಲ ಅಂದುಕೊಂಡಿದ್ದೆ.

ಜೊತೆಗೆ ಸೋದರಮಾವ ಇದ್ದ, ದೊಡ್ಡಮ್ಮನ ತಮ್ಮ. ಹುಟ್ಟಿದಾಗಿನಿಂದ ಕುರಿ ಹಿಂದೆಯೇ ಬಿದ್ದವನು. ಆ ಬಯಲಿನ ಕಲ್ಲು, ಮುಳ್ಳು, ಹಳ್ಳ ಎಲ್ಲವೂ ಅವನಿಗೆ ಗೊತ್ತು. ಅಕ್ಕ ತಮ್ಮ ಇಬ್ಬರೂ ಸೇರಿದರೆ ಎತ್ತು ಏರಿಗೆ, ಕೋಣ ನೀರಿಗೆ. ಅವನು ಬೇಗ ನಡೆ ಅಂದರೆ ಅವಳು ಕೂರುತ್ತಾಳೆ, ಅವನು ಕೂತರೆ ಅವಳು ಎದ್ದು ಹೊರಡುತ್ತಾಳೆ. ಎರಡನೆಯ ದಿನ ಬೆಳಗಿನ ಜಾವ ಯಲ್ಲದಕೆರೆಯ ನೆಂಟರ ಮನೆಯಿಂದ ಹೊರಟಾಗಲೂ ಇದೇ ಜಗಳ. ಮಧ್ಯೆ ನಾನು ಬುತ್ತಿ ಹೊತ್ತುಕೊಂಡು ಗೊಣಗುತ್ತಾ ನಡೆದೆ.

ಹೊಸದುರ್ಗದ ಕಡೆಗೆ ದಾಟುವಾಗ ಒಂದು ಕಣಿವೆ ಸಿಗುತ್ತದೆ. ಈಗ ಅದರ ಎರಡೂ ಬದಿಯ ಗುಡ್ಡದ ಮೇಲೆ, ದಾರಿಯ ಅಂಚಿನವರೆಗೂ ಗಾಳಿಯಂತ್ರಗಳು. ದೂರದಿಂದ ನೋಡಲು ಚೆಂದ. ಕೆಳಗೆ ನಡೆಯುವಾಗ ಬೇರೆ. ರೆಕ್ಕೆಯ ನೆರಳು ಗುಡ್ಡ ಇಳಿದು ಬಂದು, ದಾರಿ ದಾಟಿ, ನಮ್ಮ ಮೈಮೇಲೆ ಹಾದು ಹೋಗುತ್ತದೆ. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ಪ್ರತಿ ಸಲವೂ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಕ್ಕಿಯ ದನಿಯಿಲ್ಲ. ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಇರುವುದು ಆ ರೆಕ್ಕೆಗಳು ಉಸಿರು ಎಳೆದುಕೊಂಡು ಬಿಡುವ ಸದ್ದು ಮಾತ್ರ.

ಆ ಕಣಿವೆಗೆ ನಮ್ಮ ಕಡೆಯವರದು ಒಂದು ಕಟ್ಟಳೆ ಇದೆ. ಮಟಮಟ ಮಧ್ಯಾಹ್ನ ಅಲ್ಲಿ ಹಿಂದಿನಿಂದ ಯಾರಾದರೂ ಕೂಗಿದರೆ ಓಗೊಡಬಾರದು, ತಿರುಗಿ ನೋಡಬಾರದು. ಎರಡನೇ ಕೂಗಿಗೂ ಸುಮ್ಮನಿರಬೇಕು. ಮೂರನೇ ಸಲ ಕೂಗಿದರೆ ಮಾತ್ರ ಓ ಅನ್ನಬೇಕು. ಅಲ್ಲಿರುವುದಕ್ಕೆ ಎರಡು ಸಲಕ್ಕಿಂತ ಹೆಚ್ಚು ಕೂಗಲು ಬರುವುದಿಲ್ಲವಂತೆ, ಮನುಷ್ಯರಾದರೆ ಮೂರು ಸಲ ಕೂಗುತ್ತಾರಂತೆ. ನನಗಿದನ್ನು ಕಲಿಸಿದವಳೇ ದೊಡ್ಡಮ್ಮ, ನಾನಿನ್ನೂ ಲಂಗ ಉಡುತ್ತಿದ್ದಾಗ. ದೊಡ್ಡವಳಾದ ಮೇಲೆ ನಾನು ಇದನ್ನೇ ಹೇಳಿ ನಗುತ್ತಿದ್ದೆ. ನನ್ನ ಗಿರಾಕಿಗಳಿಗೂ ಮೂರನೇ ಸಲ ಬಂದಾಗಲೇ ರವಿಕೆ ಸಿಗುವುದು, ನಾನೂ ಕಣಿವೆ ಕಡೆಯವಳೇ ಎಂದು.

ಬಿಸಿಲು ನೆತ್ತಿಗೆ ಬಂದಿತ್ತು. ದೊಡ್ಡಮ್ಮ ಲಂಟಾನದ ಪೊದೆಯ ಕಡೆ ಕೈ ತೋರಿಸಿ, ನೀವು ನಡೀರಿ, ಹಿಂದೆಯೇ ಬರುತ್ತೇನೆ ಅಂದಳು. ಹೆಂಗಸರ ಕೆಲಸಕ್ಕೆ ನಿಂತು ಕಾಯುವುದು ಮಾವನಿಗೆ ಸಂಕೋಚ. ನಾವು ಮುಂದೆ ನಡೆದೆವು. ದಾರಿ ಒಂದು ಬಂಡೆ ಸುತ್ತಿಕೊಂಡು ತಿರುಗಿತು, ಪೊದೆ ಮರೆಯಾಯಿತು.

ಆಗ ಕೂಗು ಬಂತು.

"ಏ ಪಾಪಾ..."

ನಲವತ್ತು ದಾಟಿದ ನನ್ನನ್ನು ಈ ಭೂಮಿಯ ಮೇಲೆ ಪಾಪ ಎನ್ನುವವಳು ಒಬ್ಬಳೇ. ನಾನು ಬಾಯಿ ತೆರೆದೆ. ಮಾವ ನನ್ನ ತೋಳು ಹಿಡಿದು ಬೇಡ ಎಂಬಂತೆ ತಲೆಯಾಡಿಸಿದ. ಶ್ರಾವಣದ ಗಾಳಿ ಎದುರಿನಿಂದ ಬೀಸುತ್ತಿತ್ತು. ಹಿಂದಿನ ದನಿ ನಮಗೆ ತಲುಪುವುದೇ ಕಷ್ಟ. ಆದರೆ ಇದು ಪಕ್ಕದಲ್ಲೇ ನಿಂತು ಕರೆದ ಹಾಗೆ ಕೇಳಿಸಿತ್ತು.

ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಂತು. ಅದೇ ದನಿ, ಅದೇ ಎಳೆತ. ನಾವಿಬ್ಬರೂ ನಿಂತೆವು. ಒಂದು ನೆರಳು ಹಾದು ಹೋಯಿತು, ಎರಡು, ಮೂರು. ಮೂರನೇ ಕೂಗು ಬರಲಿಲ್ಲ.

ನೋಡಿ ಬರುತ್ತೇನೆ ಅಂದೆ. ಮಾವ ಬಿಡಲಿಲ್ಲ.

"ಅಕ್ಕ ಆಗಿದ್ರೆ ಮೂರ್ನೇದು ಕೂಗ್ದೆ ಇರ್ತಿದ್ಲಾ? ಕಟ್ಳೆ ನಂಗೆ ಹೇಳ್ಕೊಟ್ಟೋಳೇ ಅವ್ಳು. ಇದು ಅವಳಲ್ಲ. ತಿರುಗಿ ನೋಡ್ಬ್ಯಾಡ, ಹೋಗಾಣ ನಡಿ."

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಕಟ್ಟಳೆ ಗೊತ್ತಿರುವವಳು ಎರಡಕ್ಕೆ ನಿಲ್ಲಿಸುವುದಿಲ್ಲ. ಊರಲ್ಲಿ ಕೂತು ನಗುತ್ತಿದ್ದ ನಾನು ಅಲ್ಲಿ ಅವನಿಗಿಂತ ಜೋರಾಗಿ ಹೆಜ್ಜೆ ಹಾಕಿದೆ. ಹೆದರಿದ್ದೆ, ಬೇರೇನೂ ಅಲ್ಲ. ಕುತ್ತಿಗೆಯ ಹಿಂದೆ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ಒಮ್ಮೆಯೂ ತಿರುಗಲಿಲ್ಲ.

ಕಣಿವೆಯ ಆಚೆ ತುದಿಯ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಮೂರು ರೊಟ್ಟಿ, ಮೂರು ಈರುಳ್ಳಿ ಇಟ್ಟು ಕಾದೆವು. ದೊಡ್ಡಮ್ಮ ಬರಲಿಲ್ಲ. ಮರದ ನೆರಳು ನಮ್ಮನ್ನು ಬಿಟ್ಟು ಸರಿಯಿತು, ಆಗಲೂ ಬರಲಿಲ್ಲ. ಮಾವ ರೊಟ್ಟಿ ಮುರಿದವನು ಬಾಯಿಗಿಡದೆ ಹಾಗೇ ಹಿಡಿದುಕೊಂಡಿದ್ದ. ನನಗೆ ತಟ್ಟನೆ ಅವನ ಮೇಲೆ, ನನ್ನ ಮೇಲೆ, ಆ ಹಾಳು ಕಟ್ಟಳೆಯ ಮೇಲೆ ರೇಗಿತು. ಎದ್ದು ಓಡಿದೆ. ಅವನೂ ಹಿಂದೆಯೇ ಬಂದ.

ಅವಳು ಪೊದೆಯಿಂದ ಅಷ್ಟು ದೂರವೂ ಇರಲಿಲ್ಲ. ಮಳೆ ನೀರು ಕೊರೆದ ಒಂದು ಕೊರಕಲಿನಲ್ಲಿ ಕಾಲು ಸಿಕ್ಕಿ ಬಿದ್ದಿದ್ದಳು. ಪಾದ ಇರಬಾರದ ಕಡೆಗೆ ತಿರುಗಿತ್ತು. ತುಟಿ ಒಣಗಿ ಬಿರಿದಿತ್ತು. ಬಿಸಿಲಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಹಾಗೆ ಕೂತಿದ್ದಾಳೆ. ನಾನು ನೀರು ಕುಡಿಸುತ್ತಾ, ಅಳುತ್ತಾ, ಬೈಯತೊಡಗಿದೆ. ಮೂರನೇ ಸಲ ಯಾಕೆ ಕೂಗಲಿಲ್ಲ, ಬಾಯಿ ಸತ್ತಿತ್ತಾ ಎಂದು ಕೇಳಿದೆ.

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಎರಡ್ನೇದಕ್ಕೇ ನೀನು ಓ ಅಂದ್ಯಲ್ಲೇ. ಅಲ್ಲೇ ಕುಂತಿರು ದೊಡ್ಡಮ್ಮ, ಬತ್ತೀನಿ ಅಂದಿ. ಅದಕ್ಕೇ ಸುಮ್ಕೆ ಕುಂತಿದ್ದೆ."

ಮಾವ ನನ್ನ ಮುಖ ನೋಡಿದ. ನನ್ನ ತೋಳನ್ನು ಹಿಡಿದುಕೊಂಡೇ ಇದ್ದವನು ಅವನು. ನನ್ನ ಬಾಯಿಂದ ಒಂದು ಅಕ್ಷರವೂ ಹೊರಬಿದ್ದಿಲ್ಲ ಎಂದು ನನ್ನಷ್ಟೇ ಅವನಿಗೂ ಗೊತ್ತು. ಅಲ್ಲಿ ಕುರಿ ಮೇಯಿಸುವವರು ಯಾರೂ ಇರಲಿಲ್ಲ, ಇದ್ದಿದ್ದರೆ ಮಾವನ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಇದ್ದಿದ್ದರೂ ಅವರು ಯಾಕೆ ನನ್ನ ದನಿಯಲ್ಲಿ ಅವಳನ್ನು ದೊಡ್ಡಮ್ಮ ಅಂದಾರು?

"ಹೌದು, ನಾನೇ ಅಂದಿದ್ದು," ಎಂದೆ. "ಬರೋದು ತಡ ಆತು."

ಅವಳು ನಕ್ಕಳು. ಕಟ್ಟಳೆ ಮುರಿದಳು ನನ್ನ ಮಗಳು, ಮೂರರವರೆಗೆ ಕಾಯಲಿಲ್ಲ ಎಂದು ತಮ್ಮನಿಗೆ ಹೇಳಿದಳು. ಮಾವ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ. ಕಣಿವೆ ದಾಟುವವರೆಗೂ ನಾನು ಅವನ ಹಿಂದೆ ನಡೆಯುವ ಧೈರ್ಯ ಮಾಡಲಿಲ್ಲ, ಪಕ್ಕದಲ್ಲೇ ನಡೆದೆ. ಗಾಳಿಯಂತ್ರದ ಕೆಲಸಗಾರರ ಜೀಪೊಂದು ಸಿಕ್ಕಿ ಹೊಸದುರ್ಗದ ಆಸ್ಪತ್ರೆ ಸೇರಿದೆವು. ಆ ವರ್ಷದ ಹರಕೆ ಅಲ್ಲಿಗೇ ನಿಂತಿತು.

ಮೂಳೆ ಕೂಡಿತು, ಮೊದಲಿನ ನಡಿಗೆ ಬರಲಿಲ್ಲ. ಈಗ ನನ್ನ ಮನೆಯಲ್ಲೇ ಇದ್ದಾಳೆ, ಅಂಗಡಿಯ ಹಿಂದಿನ ಕೋಣೆಯಲ್ಲಿ. ಬಂದವರಿಗೆಲ್ಲ ಆ ಕಥೆ ಹೇಳುತ್ತಾಳೆ. ಹೆತ್ತ ಮಕ್ಕಳೂ ಹೆದರಿ ಸುಮ್ಮನಿರುತ್ತಿದ್ದರು, ಇವಳು ಮಾತ್ರ ಓಗೊಟ್ಟಳು ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ಹೊಲಿಯುತ್ತೇನೆ. ನಾಚಿಕೆಗೆ ಎಂದು ಬಂದವರು ತಿಳಿಯುತ್ತಾರೆ.

ನೀರಿಗೋ ಔಷಧಿಗೋ ಅವಳು ಒಳಗಿಂದ ಪಾಪಾ ಎಂದು ಕೂಗಿದರೆ ಮೊದಲ ಕೂಗಿಗೇ ಹೊಲಿಗೆ ಬಿಟ್ಟು, ಗಿರಾಕಿಯನ್ನು ಬಿಟ್ಟು ಓ ಎಂದು ಕಿರುಚಿಕೊಂಡು ಓಡುತ್ತೇನೆ. ಎಷ್ಟು ಪ್ರೀತಿ ನೋಡಿ ಅನ್ನುತ್ತಾರೆ ಜನ. ಪ್ರೀತಿ ಇದೆ. ಆದರೆ ನಾನು ಓಡುವುದು ಹೆದರಿಕೆಗೆ. ನಾನು ಒಂದು ಉಸಿರು ತಡ ಮಾಡಿದರೂ, ಒಳಗೆ ಅವಳಿಗೆ ನನ್ನ ದನಿಯಲ್ಲಿ ಉತ್ತರ ಸಿಕ್ಕಿಬಿಟ್ಟಿರುತ್ತದೇನೋ ಎಂದು.