ನೀಲಿ ಹಾಕಿದ ಹೊಳೆ

ನಮ್ಮ ದೊಡ್ಡಮ್ಮನನ್ನು ಹೊಳೆಯ ಎರಡೂ ದಡದವರು ಬಿಳಿಯಮ್ಮ ಅನ್ನುತ್ತಿದ್ದರು. ಮೈಬಣ್ಣ ನೋಡಿ ಇಟ್ಟ ಹೆಸರಲ್ಲ. ಇದ್ದಿಲಿಗೂ ಅವಳಿಗೂ ದೂರದ ನೆಂಟಸ್ತನವಿತ್ತು. ಅವಳು ಒಗೆದ ಬಟ್ಟೆ ಅಷ್ಟು ಬೆಳ್ಳಗಿರುತ್ತಿತ್ತು. ಈಚೆ ದಡದ ನೇಕಾರರು, ಆಚೆ ದಡದ ಕುಂಬಾರರು ಯಾವ ವಿಷಯಕ್ಕೂ ಒಮ್ಮತಕ್ಕೆ ಬಂದವರಲ್ಲ. ಬಟ್ಟೆ ಮಾತ್ರ ಇಬ್ಬರದೂ ಅವಳ ಕಲ್ಲಿನ ಮೇಲೇ ಬೀಳುತ್ತಿತ್ತು.

ಮೇಲಿನ ತಿರುವಿನಲ್ಲಿ ಬಣ್ಣದ ಕಾರ್ಖಾನೆ ಶುರುವಾದ ವರ್ಷ ಹೊಳೆ ತೆಳು ನೀಲಿಗೆ ತಿರುಗಿತು. ಮೀನು ಹಿಡಿಯುವವರು ಬಾಯಿಗೆ ಬಂದಂತೆ ಬೈದರು. ದೊಡ್ಡಮ್ಮನಿಗೆ ಮಾತ್ರ ಖುಷಿ. ಅಗಸರಿಗೆ ನೀಲಿ ಅಂದರೆ ಒಂದೇ ಅರ್ಥ: ಕೊನೆಯಲ್ಲಿ ಜಾಲಿಸುವಾಗ ಚಿಟಿಕೆ ಹಾಕಿ, ಬಿಳಿ ಬಟ್ಟೆಗೆ ಹೊಳಪು ಕೊಡುವ ಪುಡಿ.

“ಇಷ್ಟು ದಿನ ನಾನು ಬಕೆಟ್ಟಿಗೆ ನೀಲಿ ಹಾಕ್ತಿದ್ದೆ. ಈಗ ಪುಣ್ಯಾತ್ಮರು ಹೊಳೆಗೇ ಹಾಕಿದ್ದಾರೆ,” ಎಂದು ನಗುತ್ತಿದ್ದಳು. ನಾವೂ ನಕ್ಕೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಆಗಲೇ ಅವಳ ಒಬ್ಬಳೇ ಮಗಳು ಹಸುಗೂಸನ್ನು ಎತ್ತಿಕೊಂಡು ಬಂದಿದ್ದು. ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಮಗು. ದೊಡ್ಡಮ್ಮ ಅದನ್ನು ಮಡಿಲಿಂದ ಕೆಳಗೆ ಇಳಿಸುತ್ತಿರಲಿಲ್ಲ. ಮಗುವಿನ ಬಟ್ಟೆಯನ್ನು ಬಾವಿ ನೀರಲ್ಲಿ ಒಗೆಯೋಣ ಅಂದಳು ಮಗಳು.

“ಬಾವಿ ನೀರು ಗಡಸು, ಬಟ್ಟೆ ಹಳದಿ ತಿರುಗುತ್ತೆ. ನನಗೇ ಒಗೆಯೋದು ಹೇಳಿಕೊಡ್ತೀಯಾ? ಸುಮ್ನಿರು.”

ಹೊಳೆಯಲ್ಲೇ ಒಗೆದಳು. ಮಲ್ಲಿಗೆಯಂಥ ಬಟ್ಟೆಯಲ್ಲಿ ಮಗುವನ್ನು ಸುತ್ತಿ ಎಲ್ಲರಿಗೂ ತೋರಿಸಿದಳು.

ಸ್ವಲ್ಪ ದಿನಕ್ಕೇ ಮಗುವಿನ ಮೈಯೆಲ್ಲ ಸುಟ್ಟಂತೆ ಗುಳ್ಳೆ ಎದ್ದಿತು. ಆಸ್ಪತ್ರೆಯಲ್ಲಿ ಡಾಕ್ಟರು, “ಬಟ್ಟೆ ಯಾವ ನೀರಲ್ಲಿ ಒಗೀತೀರಿ?” ಎಂದು ಕೇಳಿದರು. ಮಗಳು ತಿರುಗಿ ಅಮ್ಮನ ಮುಖ ನೋಡಿದಳು, ಅಷ್ಟೇ. ಮಗು ಬದುಕಿಕೊಂಡಿತು. ಮಗಳು ಆಸ್ಪತ್ರೆಯಿಂದ ನೇರ ಗಂಡನ ಮನೆಗೆ ಹೋದಳು.

ಕಾರ್ಖಾನೆಯವರನ್ನು ಯಾರೂ ಏನೂ ಕೇಳಲಿಲ್ಲ. ಎರಡೂ ದಡದವರು ಮೊದಲ ಸಲ ಒಮ್ಮತಕ್ಕೆ ಬಂದರು: ಬಿಳಿಯಮ್ಮನಿಗೆ ಇನ್ನು ಬಟ್ಟೆ ಕೊಡಕೂಡದು. ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಅವಳು ಅದಕ್ಕೆ ಅಳಲಿಲ್ಲ. ಮಗುವನ್ನು ಒಂದು ಸಲ ನೋಡಬೇಕು ಎಂದು ಮಾತ್ರ ದಿನಾ ನನ್ನ ತಲೆ ತಿನ್ನುತ್ತಿದ್ದಳು.

ಕೊನೆಗೆ ಕರೆದುಕೊಂಡು ಹೋದೆ. ಹೊರಡುವ ಮುಂಚೆ ಬಾವಿಕಟ್ಟೆಯಲ್ಲಿ ಕೂತು, ಬೆರಳ ಸಂದಿಗಳು ಕೆಂಪಾಗುವ ತನಕ ಕೈ ಉಜ್ಜಿ ಉಜ್ಜಿ ತೊಳೆದಳು.

ಮಗಳು ಬಾಗಿಲನ್ನು ಅರ್ಧ ಮಾತ್ರ ತೆರೆದಳು.

“ಮುಟ್ಟಲ್ಲ ಕಣೇ. ಇಲ್ಲಿಂದಲೇ ನೋಡಿ ಹೋಗ್ತೀನಿ,” ಎಂದಳು ದೊಡ್ಡಮ್ಮ.

“ಮಗು ಮಲಗಿದೆ, ಅಮ್ಮ.”

ಒಳಗೆ ಮಗು ಅಳುತ್ತಿರುವುದು ನಮ್ಮ ಮೂವರಿಗೂ ಕೇಳಿಸುತ್ತಿತ್ತು.

“ಹಾಗಾದ್ರೆ ಎಬ್ಬಿಸಬೇಡ,” ಎಂದಳು ದೊಡ್ಡಮ್ಮ.