ಸುಹರಾಳ ಎಡಗೆನ್ನೆ

ನೆನೆದ ಪ್ಲಾಸ್ಟರಿನ ತಂಪು ವಾಸನೆ ನನಗೆ ತವರಿನ ವಾಸನೆ. ಒಲ್ಲೂರಿನಲ್ಲಿ ಇಗರ್ಜಿಗಳಿಗೆ ಸಂತರ ಪ್ರತಿಮೆ ಮಾಡುತ್ತಿದ್ದ ನನ್ನಪ್ಪ ಲೋನಪ್ಪನವರ ಕೈಯಿಂದ ಅದು ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ. ಕಾಲೇಜು ಮುಗಿಸಿ ತ್ರಿಶೂರಿನ ಆಸ್ಪತ್ರೆಯಲ್ಲಿ ರೋಗಿಗಳ ದವಡೆಯ ಅಚ್ಚು ತೆಗೆಯುವ ಕೆಲಸಕ್ಕೆ ಸೇರಿದಾಗ ಅದೇ ವಾಸನೆ ನನ್ನನ್ನು ಬರಮಾಡಿಕೊಂಡಿತು. ಮುರಿದ ಮುಖದ ಮೂಳೆಯನ್ನು ಕಂಪ್ಯೂಟರ್ ತೋರಿಸಿದ ಜಾಗದಲ್ಲೇ ಕೂರಿಸುವ ವಿದ್ಯೆಯನ್ನು ನಮ್ಮ ಕಡೆಗೆ ತಂದು, ಎಷ್ಟೋ ಮಂದಿಗೆ ಕಲಿಸಿ, ಈಗ ನಿವೃತ್ತರಾಗುತ್ತಿರುವ ಡಾ. ಅಚ್ಯುತ ವಾರಿಯರ್ ಅವರನ್ನು ನಾನು ಕಂಡದ್ದು ಅಲ್ಲಿಯೇ.

ಕಂಪ್ಯೂಟರ್ ಬಂದ ಮೇಲೆ ನನ್ನ ಅಚ್ಚುಗಳಿಗೆ ಕೆಲಸ ಕಡಿಮೆಯಾಯಿತು. ಆದರೂ ಅವರು ಪರದೆಯ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿಸಿದರು.

ಚಾವಕ್ಕಾಡಿನ ಶಿಕ್ಷಕಿ ಸುಹರಾ ಬಂದದ್ದು ಆ ವರ್ಷ. ಬಸ್ ಅಪಘಾತದಲ್ಲಿ ಮುರಿದ ಅವಳ ಎಡಗೆನ್ನೆಯ ಮೂಳೆ ವಾರೆಯಾಗಿ ಕೂಡಿಕೊಂಡಿತ್ತು. ಎರಡು ವರ್ಷದ ಮಗಳು ಹಿಬಾ ತಾಯಿಯ ಮುಖ ಕಂಡರೆ ಚೀರಿ, ಅಜ್ಜಿ ಬೀಯಾತು ಅವರ ಸೆರಗಿನಲ್ಲಿ ಅಡಗುತ್ತಿದ್ದಳು.

“ಚೆಂದ ಬೇಡ ಸರ್, ನನ್ನ ಮಗು ಗುರುತು ಹಿಡಿದ್ರೆ ಸಾಕು” ಎಂದಳು ಸುಹರಾ.

ಸರಿಯಿರುವ ಬಲಗೆನ್ನೆಯ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ, ಎಡಗಡೆಗೆ ಗುರಿಯಾಗಿ ಇಡುವುದು ಪದ್ಧತಿ. ಹಾಗೆಯೇ ಯೋಜನೆ ಸಿದ್ಧವಾಯಿತು. ಮರುದಿನವೇ ಶಸ್ತ್ರಚಿಕಿತ್ಸೆ. ಪರದೆಯಲ್ಲಿನ ಆ ಸಮಸಮ ಮುಖ ನೋಡಿ ನನಗೆ ಅಪ್ಪನ ನೆನಪಾಯಿತು; ಸಂತರ ಮುಖ ಮುಗಿಸುವ ಮುನ್ನ ಅವರು ಒಂದು ಕೆನ್ನೆಯನ್ನು ಕೂದಲೆಳೆಯಷ್ಟು ತಗ್ಗಾಗಿ ಉಜ್ಜುತ್ತಿದ್ದರು, ಇಲ್ಲದಿದ್ದರೆ ಅದು ಬೊಂಬೆಯಾಗುತ್ತದೆ ಎಂದು. ಬೀಯಾತು ಅವರಿಂದ ಮಗಳ ಮದುವೆಯ ಫೋಟೋ ಕೇಳಿ ತಂದೆ. ಸುಹರಾಳ ಎಡಗೆನ್ನೆ ಅಪಘಾತಕ್ಕೆ ಮೊದಲೇ ತುಸು ತಗ್ಗು; ಪರದೆಯ ಗುರಿ ಸರಿಯಿಲ್ಲ ಎಂದು ಫೋಟೋ ತೋರಿಸಿ ಹೇಳಿದೆ.

“ಏನು ರೋಸಿಲಿ ಚೇಚಿ, ಕಂಪ್ಯೂಟರ್‌ಗೂ ಕನ್ನಡಕ ಬೇಕಾ?” ಎಂದು ಕಿರಿಯ ವೈದ್ಯನೊಬ್ಬ ನಕ್ಕ. ಅಲ್ಲಿ ಎಲ್ಲರಿಗೂ ನಾನು ಚೇಚಿ, ಅಂದರೆ ಅಕ್ಕ.

ವಾರಿಯರ್ ಫೋಟೋವನ್ನು ಬಹಳ ಹೊತ್ತು ನೋಡಿದರು. “ಅದಕ್ಕೆ ಬೇಡಪ್ಪಾ, ನಮಗೆ ಬೇಕು. ಚೇಚಿ ಹೇಳ್ತಿರೋದು ಸರಿ. ತಪ್ಪು ನನ್ನದು, ಫೋಟೋ ನಾನೇ ಕೇಳ್ಬೇಕಿತ್ತು. ಮತ್ತೆ ಮೊದಲಿಂದ ಮಾಡೋಣ.”

ಗುರಿ ಎರಡು ಮಿಲಿಮೀಟರ್ ಸರಿಯಿತು. ಮರುದಿನ, ಮುಟ್ಟಿದ ಜಾಗವನ್ನು ಕಂಪ್ಯೂಟರಿಗೆ ತಿಳಿಸುವ ಅವರ ಕೈಯ ಕಡ್ಡಿ ಬಿಡಿಸಿ ಕೂರಿಸಿದ ಮೂಳೆಯನ್ನು ತಾಗಿದಾಗಲೆಲ್ಲ ಪರದೆಯ ಚುಕ್ಕೆ ಹೊಸ ಗೆರೆಯ ಮೇಲೆಯೇ ನಿಂತಿತು. ಅಂದಿನಿಂದ ನಮ್ಮಲ್ಲಿ ಹಳೆಯ ಫೋಟೋ ನೋಡದೆ ಯಾರ ಯೋಜನೆಗೂ ಸಹಿ ಬೀಳುವುದಿಲ್ಲ.

ವಾರಿಯರ್ ಅವರಿಗೆ ದೀರ್ಘಾಯುಷ್ಯವಿರಲಿ, ಆ ಕೈ ಇನ್ನೂ ಹಲವರಿಗೆ ದಾರಿ ತೋರಿಸುತ್ತಿರಲಿ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಬಾವು ಇಳಿದ ಮೇಲೆ ಸುಹರಾ ತಪಾಸಣೆಗೆ ಬಂದ ದಿನದಲ್ಲಿ. ವರಾಂಡದಲ್ಲಿ ಹಿಬಾ ಅಜ್ಜಿಯ ಸೆರಗಿನಿಂದ ಇಣುಕಿದಳು, ಮೆಲ್ಲನೆ ಬಂದಳು, ಆ ತಗ್ಗಿನಲ್ಲಿ ಬೆರಳಿಟ್ಟು “ಉಮ್ಮಾ” ಎಂದು ತಾಯಿಯನ್ನು ಕರೆದಳು. ಏನೂ ತಿನ್ನದೆ ಮುಂಜಾನೆಯ ಬಸ್ಸಿಗೆ ಬಂದಿದ್ದ ಬೀಯಾತು ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಾರಿಯರ್ ಒಳಗೆ ಹೋದರು. ಮನೆಯಿಂದ ತಂದ ತಮ್ಮ ಬಾಳೆಯೆಲೆಯ ಅನ್ನದ ಪೊಟ್ಟಣವನ್ನು ತಂದು, ಬೀಯಾತು ಅವರ ಕೈಗಿಟ್ಟರು.